ಆರು ಸೆಕೆಂಡಿನ ಚೌಕಾಸಿ



ಗಂಗೊಳ್ಳಿಯಲ್ಲಿ ನಮ್ಮ ಕಡೆಯ ಅಜ್ಜಯ್ಯ ಒಬ್ಬರಿದ್ದರು. ಹರೆಯದಲ್ಲಿ ಮಂಜಿ ಎಂಬ ಸರಕಿನ ಹಾಯಿಹಡಗಿನ ಮೇಲೆ ಖಲಾಸಿಯಾಗಿ ದುಡಿದವರು. ಮಂಗಳೂರು ಹಂಚು ಹೇರಿಕೊಂಡು ದಡಗುಂಟ ಓಡಾಡಿದವರು. ನಾನು ಕ್ಯಾಲಿಫೋರ್ನಿಯದಲ್ಲಿ ಕೆಲಸಕ್ಕಿದ್ದಾಗ ಒಮ್ಮೆ ರಜೆಗೆ ಊರಿಗೆ ಬಂದೆ. ಅಲ್ಲಿ ವಾರದ ಕೊನೆಗೆ ಹಾಯಿದೋಣಿಯ ರೇಸಿಗೆ ಹೋಗುತ್ತೇನೆ ಎಂದಾಗ ಅವರಿಗೆ ಭಾರಿ ಖುಷಿ. "ಗೆದ್ರಾ?" ಎಂದು ಕೇಳಿದರು. "ಹೋದ ತಿಂಗಳು ಒಂದು ಗೆದ್ದೆವು ಅಜ್ಜಯ್ಯ. ಐದನೆಯವರಾಗಿ ಬಂದು ಗೆದ್ದೆವು" ಎಂದೆ. ಅವರ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. "ಐದ್ನೇರಾಯ್ ಬಂದ್ ಗೆದ್ದದ್ದಾ? ಅದೆಂಥಾ ಆಟ ಮಾರಾಯಾ?"

ಅಂದು ಅವರಿಗೆ ನನ್ನಿಂದ ಸರಿಯಾಗಿ ಹೇಳಲಾಗಲಿಲ್ಲ. ಹೇಳಿದಷ್ಟಕ್ಕೂ ಅವರು ನಕ್ಕದ್ದೇ ಹೆಚ್ಚು. ಇವತ್ತು ನಿಮ್ಮೆದುರು ಇನ್ನೊಮ್ಮೆ ಹೇಳಿ ನೋಡುತ್ತೇನೆ. ಅದರ ಜೊತೆಗೇ, ಆ ಆಟದೊಳಗಿನ ಒಂದು ಸಣ್ಣ ಪ್ರಶ್ನೆಯನ್ನೂ ಎತ್ತಿಕೊಳ್ಳುತ್ತೇನೆ. ದೋಣಿಯ ಮುಂದಿನ ಹಾಯಿ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆ ಅದು. ಕೇಳಲು ಸಣ್ಣದು. ಇದರ ಮೇಲೆ ನಮ್ಮ ದೋಣಿಯಲ್ಲಿ ಮೂರು ವರ್ಷ ಜಗಳ ನಡೆದಿದೆ.

ಸಣ್ಣವರಿದ್ದಾಗ ಆಟಕ್ಕೆ ಚಿಕ್ಕ ತಮ್ಮನನ್ನು ಸೇರಿಸಿಕೊಳ್ಳಲೇಬೇಕಾಗಿ ಬಂದರೆ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎನ್ನುತ್ತಿದ್ದೆವಲ್ಲ, ನಮ್ಮ ಹಾಯಿದೋಣಿಗಳ ಹ್ಯಾಂಡಿಕ್ಯಾಪ್ ರೇಸು ಅದರ ತಿರುವುಮುರುವು. ಇಲ್ಲಿ ಎಲ್ಲರೂ ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು. ಮೈಸೂರು ಬೆಂಗಳೂರಿನ ಕುದುರೆ ರೇಸಿನ ಪರಿಚಯ ಇದ್ದವರಿಗೆ ಈ ಮಾತು ಹೊಸದಲ್ಲ. ಚೆನ್ನಾಗಿ ಓಡುವ ಕುದುರೆಯ ಬೆನ್ನಿಗೆ ಹೆಚ್ಚು ಭಾರ ಕಟ್ಟುತ್ತಾರೆ. ದೋಣಿಗೆ ಭಾರ ಕಟ್ಟುವುದಿಲ್ಲ, ಅದರ ಗಡಿಯಾರಕ್ಕೆ ಕಟ್ಟುತ್ತಾರೆ. ಪ್ರತಿ ದೋಣಿಗೂ ಒಂದು ಅಂಕಿ ಇರುತ್ತದೆ. ಒಂದು ನಾಟಿಕಲ್ ಮೈಲಿಗೆ, ಅಂದರೆ 1,852 ಮೀಟರಿಗೆ, ಇಷ್ಟು ಸೆಕೆಂಡು ಎಂದು. ಅಂಕಿ ದೊಡ್ಡದಾದಷ್ಟೂ ದೋಣಿ ನಿಧಾನದ್ದು. ನಮ್ಮದು ಕ್ಯಾಟಲೀನಾ 30 ಎಂಬ ಸಂಸಾರಸ್ಥ ದೋಣಿ. ಒಳಗೆ ಅಡುಗೆಮನೆಯೂ ಉಂಟು, ಮಲಗಲು ಜಾಗವೂ ಉಂಟು. ಅದರ ಅಂಕಿ 180 ಎಂದು ಇಟ್ಟುಕೊಳ್ಳಿ. ನಮ್ಮ ಪಕ್ಕದಿಂದ ಸೊಂಯ್ ಎಂದು ಹೋಗುವ ಜೆ/105 ರೇಸಿಗೆಂದೇ ಹುಟ್ಟಿದ್ದು. ಅದರ ಅಂಕಿ 84ರ ಆಸುಪಾಸು. ವ್ಯತ್ಯಾಸ 96. ಹತ್ತು ಮೈಲಿಯ ರೇಸಿನಲ್ಲಿ ಅದು ನಮಗೆ 960 ಸೆಕೆಂಡು ಕೊಡಬೇಕು. 16 ನಿಮಿಷ. ಅದು ಗೆರೆ ದಾಟಿ, ಹಾಯಿ ಮಡಚಿ, ಬಿಯರ್ ಡಬ್ಬಿ ತೆರೆದು ಕೂತ ಮೇಲೂ ನಾವು ಗೆಲ್ಲಬಹುದು. ಅಜ್ಜಯ್ಯನಿಗೆ ನಗು ಬಂದದ್ದು ಇಲ್ಲೇ.

ಈ ಪದ್ಧತಿಗೆ ಪಿ.ಎಚ್.ಆರ್.ಎಫ್. ಎಂದು ಹೆಸರು. ನಾವಿಕರ ಬಾಯಲ್ಲಿ 'ಪರ್ಫ್'. 1950ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ್ದು. ಮೊದಲು ಅದರ 'ಪಿ' ಎಂದರೆ ಪೆಸಿಫಿಕ್ ಇತ್ತು. ಅಮೆರಿಕದ ಉಳಿದ ಕಡೆಗೂ ಹಬ್ಬಿದ ಮೇಲೆ 'ಪಿ' ಎಂದರೆ ಪರ್ಫಾರ್ಮೆನ್ಸ್ ಆಯಿತು. ಇದರಲ್ಲಿ ದೊಡ್ಡ ಸೂತ್ರಗಳೇನೂ ಇಲ್ಲ. ಆ ನಮೂನೆಯ ದೋಣಿಗಳು ರೇಸುಗಳಲ್ಲಿ ಹೇಗೆ ಓಡಿವೆ ಎಂದು ನೋಡಿ, ಊರಿನ ಸಮಿತಿಯೊಂದು ಅಂಕಿ ಕೊಡುತ್ತದೆ. ಸಮಿತಿಯವರೂ ನಾವಿಕರೇ, ಸಂಬಳವಿಲ್ಲದೆ ಮಾಡುವವರು. ಅಂಕಿ ದೋಣಿಗೆ, ನಡೆಸುವವರಿಗಲ್ಲ. ತಳ ಪಾಚಿ ಕಟ್ಟಿದ್ದರೆ, ಹಾಯಿ ಜೋತುಬಿದ್ದಿದ್ದರೆ ಅದು ನಿಮ್ಮ ಹಣೆಬರಹ. ತನ್ನ ದೋಣಿಗೆ ಅನ್ಯಾಯವಾಗಿದೆ ಎನ್ನದ ಮಾಲೀಕನನ್ನು ನಾನು ಈವರೆಗೆ ಕಂಡಿಲ್ಲ.

ಇನ್ನು ಹಾಯಿಗೆ ಬರೋಣ. ನಮ್ಮಂಥ ದೋಣಿಗೆ ಎರಡು ಹಾಯಿ. ಕೂವೆಮರದ ಹಿಂದೆ ಒಂದು, ಅದು ಮೇನ್. ಮುಂದೆ ಒಂದು. ಕೂವೆಮರದ ಮೇಲಿನಿಂದ ದೋಣಿಯ ಮೂತಿಯವರೆಗೆ ಓರೆಯಾಗಿ ಬಿಗಿದ ಉಕ್ಕಿನ ತಂತಿಗೆ ತಗುಲಿಸಿದ ಮುಕ್ಕೋನದ ಹಾಯಿ ಅದು. ಮುಂಹಾಯಿ ಎನ್ನೋಣ. ಕೂವೆಮರದ ಎದುರಿನಿಂದ ಆ ತಂತಿಯ ಬುಡದವರೆಗೆ ಡೆಕ್ಕಿನ ಮೇಲೆ ಅಳೆದರೆ ನಮ್ಮ ದೋಣಿಯಲ್ಲಿ 11.5 ಅಡಿ. ಹಾಯಿ ಅಷ್ಟರೊಳಗೇ ಇರಬೇಕು ಎಂದೇನಿಲ್ಲ. ಕೂವೆಮರವನ್ನು ದಾಟಿ, ಮೇನ್ ಹಾಯಿಯ ಬೆನ್ನ ಹಿಂದಕ್ಕೂ ಚಾಚಿಕೊಳ್ಳಬಹುದು. ಹಾಗೆ ಚಾಚಿಕೊಂಡದ್ದು ಜೆನೋವಾ. ಅದರ ಹಿಂದಿನ ಮೂಲೆಯಿಂದ ಮುಂದಿನ ಅಂಚಿಗೆ ನೇರ ಲಂಬ ಎಳೆದರೆ ಎಷ್ಟು ಉದ್ದವೋ ಅದನ್ನು ಆ 11.5 ಅಡಿಗೆ ಹೋಲಿಸಿ ಶೇಕಡಾ ಲೆಕ್ಕ ಹೇಳುತ್ತಾರೆ. ನೂರೈವತ್ತೈದು ಎಂದರೆ 17 ಅಡಿ 10 ಅಂಗುಲ. ನೂರಹತ್ತು ಎಂದರೆ 12 ಅಡಿ 8 ಅಂಗುಲ. ಶೇಕಡಾ ಎಂಬ ಮಾತನ್ನು ಯಾರೂ ಆಡುವುದಿಲ್ಲ. "ಇವತ್ತು ಒನ್ ಟೆನ್ ಹಾಕು" ಎಂದಷ್ಟೇ.

ಜೆನೋವಾ ಎಂಬ ಹೆಸರು ಇಟಲಿಯ ಆ ಬಂದರಿನದೇ. 1920ರ ದಶಕದಲ್ಲಿ ಸ್ವೆನ್ ಸಾಲೆನ್ ಎಂಬ ಸ್ವೀಡನ್ನಿನ ಹಡಗು ಮಾಲೀಕ ಅಲ್ಲಿನ ರೇಸಿಗೆ ಇಂಥದೊಂದು ಹಾಯಿ ತಂದು ಹಾರಿಸಿದ. ಅವನ ಜಾಣತನ ಬಟ್ಟೆಯಲ್ಲಿರಲಿಲ್ಲ, ನಿಯಮ ಓದುವುದರಲ್ಲಿತ್ತು. ಆಗಿನ ನಿಯಮ ಕೂವೆಮರ ಮತ್ತು ಮುಂದಿನ ತಂತಿಯ ನಡುವಿನ ಮುಕ್ಕೋನವನ್ನು ಅಳೆಯುತ್ತಿತ್ತೇ ಹೊರತು ಅದರಲ್ಲಿ ತೂಗುವ ಹಾಯಿಯನ್ನಲ್ಲ. ಕೂವೆಮರದ ಹಿಂದಕ್ಕೆ ಚಾಚಿದ್ದೆಲ್ಲ ಪುಕ್ಕಟೆ. ಬೇಲಿಯಾಚೆಗೆ ಚಾಚಿದ ಹಲಸಿನ ಕೊಂಬೆಯ ಹಾಗೆ. ಆಮೇಲೆ ನಿಯಮ ಮಾಡುವವರು ಎಚ್ಚೆತ್ತು ಆ ಕೊಂಬೆಗೂ ಕಂದಾಯ ಹಾಕಿದರು. ಇವತ್ತಿನ ಪರ್ಫ್ ಲೆಕ್ಕದಲ್ಲಿ ಆ ಕಂದಾಯ ಹೀಗಿದೆ: ಹಲವು ಊರುಗಳಲ್ಲಿ ದೋಣಿಯ ಮೂಲ ಅಂಕಿ ಕೊಡುವುದೇ 155ರ ಜೆನೋವಾ ಇದೆ ಎಂದು ಹಿಡಿದು. ಅದಕ್ಕಿಂತ ಹಿರಿದು ಬೇಕಾದರೆ ದಂಡ. ಕಿರಿದು ಸಾಕು ಎಂದರೆ ಮೈಲಿಗೆ 3 ಸೆಕೆಂಡೋ 6 ಸೆಕೆಂಡೋ ರಿಯಾಯಿತಿ. ಅಂಕಿ ಊರಿಂದೂರಿಗೆ ಬೇರೆ. ನಮ್ಮ ಮಾತಿಗೆ ಆರು ಎಂದಿಟ್ಟುಕೊಳ್ಳೋಣ. ಕೊಳ್ಳುವಿರಾ, ಬಿಡುವಿರಾ? ರೇಸಿನ ಬೆಳಿಗ್ಗೆ ಆಕಾಶ ನೋಡಿ ಹೇಳುವಂತಿಲ್ಲ. ಸೀಸನ್ನಿಗೆ ಮೊದಲೇ ಕಾಗದದಲ್ಲಿ ಬರೆದುಕೊಡಬೇಕು. ನೂರಹತ್ತು ಎಂದು ಬರೆದುಕೊಟ್ಟ ಮೇಲೆ ದೊಡ್ಡ ಹಾಯಿ ಗೋಡೌನಿನಲ್ಲೇ ಉಳಿಯಬೇಕು.

ನಮ್ಮ ದೋಣಿಯ ಒಡತಿ, ಸ್ಕಿಪ್ಪರ್ ಕೂಡ ಅವರೇ, ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ನಾನು ಮನಸ್ಸಿನಲ್ಲಿ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದೆ. ಇಲ್ಲೂ ಹಾಗೇ ಕರೆಯುತ್ತೇನೆ. ಟೀಚರಿಗೆ ಜೆನೋವಾ ಎಂದರೆ ಪ್ರಾಣ. ನನಗೆ ಜೆನೋವಾ ಎಂದರೆ ಸೊಂಟನೋವು, ಯಾಕೆಂದರೆ ಹಾಯಿಯ ಹಗ್ಗ ಬಿಗಿಯುವ ವಿಂಚ್ ತಿರುಗಿಸುವ ಕೆಲಸ ನನ್ನದು. ಒಬ್ಬರ ತತ್ತ್ವ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಬೇಕಾದರೆ ಅವರು ದೋಣಿಯಲ್ಲಿ ಎಲ್ಲಿ ಕೂತಿದ್ದಾರೆ ಎಂದು ನೋಡಿದರೆ ಸಾಕು.

ಈ ಜಗಳ ನಡೆದದ್ದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ. ಜಾಗದ ಹೆಸರು ಹೇಳದೆ ಹಾಯಿಯ ಮಾತಾಡಿದರೆ ಅರ್ಥವಿಲ್ಲ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯದ ಒಳನಾಡಿನ ಕಣಿವೆ ಕಾದ ಕಾವಲಿಯಾಗುತ್ತದೆ. ಸ್ಯಾಕ್ರಮೆಂಟೊ ಕಡೆ 38 ಡಿಗ್ರಿ ದಾಟುವುದು ಮಾಮೂಲು. ನೂರೈವತ್ತು ಕಿಲೋಮೀಟರ್ ಆಚೆ ಕಡಲಿನ ನೀರು ಕೈ ಇಟ್ಟರೆ ಮರಗಟ್ಟುವಷ್ಟು ತಣ್ಣಗೆ. ಒಳಗೆ ಕಾದ ಗಾಳಿ ಮೇಲೇರುತ್ತದೆ, ಹೊರಗಿನ ತಂಪು ಗಾಳಿ ಆ ಜಾಗಕ್ಕೆ ನುಗ್ಗಲು ನೋಡುತ್ತದೆ. ನಡುವೆ ಬೆಟ್ಟಸಾಲು. ಸಮುದ್ರಮಟ್ಟಕ್ಕೆ ತೆರೆದ ಕಿಂಡಿ ಗೋಲ್ಡನ್ ಗೇಟ್ ಒಂದೇ. ಸೇತುವೆಯ ಹತ್ತಿರ ಅದರ ಅಗಲ ಒಂದೂವರೆ ಕಿಲೋಮೀಟರ್ ಚಿಲ್ಲರೆ. ಪಶ್ಚಿಮಘಟ್ಟದ ಪಾಲಕ್ಕಾಡ್ ಕಿಂಡಿಯಲ್ಲಿ ಗಾಳಿ ಹೇಗೆ ನುಗ್ಗುತ್ತದೆ ಎಂದು ಕಂಡವರು ಊಹಿಸಿಕೊಳ್ಳಬಹುದು. ಬೆಳಿಗ್ಗೆ ಹತ್ತಕ್ಕೆ ಕೊಲ್ಲಿ ಕೆರೆಯ ಹಾಗಿರುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ 20, 25 ನಾಟ್. ಕಿಲೋಮೀಟರಿನಲ್ಲಿ ಹೇಳಿದರೆ ಗಂಟೆಗೆ 37ರಿಂದ 46. ಬೇಸಿಗೆಯ ತಿಂಗಳುಗಳಲ್ಲಿ ಇದು ಆಫೀಸಿನ ವೇಳೆಯ ಹಾಗೆ ತಪ್ಪದೆ ನಡೆಯುತ್ತದೆ.

ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟು. 8 ನಾಟಿಗೂ 20 ನಾಟಿಗೂ ಹೋಲಿಸಿದರೆ ಆರು ಪಟ್ಟಿಗೂ ಹೆಚ್ಚು. ಸಾಲದ್ದಕ್ಕೆ ದೋಣಿ ಗಾಳಿಗೆದುರು ಓಡುವಾಗ ತನ್ನ ವೇಗವನ್ನೂ ಅದಕ್ಕೆ ಸೇರಿಸಿಕೊಳ್ಳುತ್ತದೆ. 18 ನಾಟ್ ಗಾಳಿಯಲ್ಲಿ 6 ನಾಟ್ ವೇಗದಿಂದ ಓರೆಯಾಗಿ ಮೇಲೇರುತ್ತಿದ್ದರೆ ಡೆಕ್ಕಿನ ಮೇಲೆ ನಿಂತವನ ಮುಖಕ್ಕೆ ಬಡಿಯುವುದು 22ಕ್ಕೂ ಮಿಕ್ಕಿ. ಆಗ 155ರ ಜೆನೋವಾ ದೋಣಿಯನ್ನು ಮುಂದಕ್ಕೆ ಎಳೆಯುವುದಕ್ಕಿಂತ ಪಕ್ಕಕ್ಕೆ ಕೆಡವುವುದೇ ಹೆಚ್ಚು. ದೋಣಿ 25, 30 ಡಿಗ್ರಿ ವಾಲಿ ನಿಲ್ಲುತ್ತದೆ. ನೋಡುವವರಿಗೆ ಭರ್ಜರಿ, ಫೋಟೋಕ್ಕೆ ಚೆನ್ನ. ಆದರೆ ಚುಕ್ಕಾಣಿ ಹಿಡಿದವರಿಗೆ ಗೊತ್ತು: ವಾಲಿದ ದೋಣಿಯ ಮೂತಿ ಗಾಳಿಯತ್ತ ತಿರುಗಲು ಹವಣಿಸುತ್ತದೆ, ಅದನ್ನು ತಡೆಯಲು ಚುಕ್ಕಾಣಿಯನ್ನು ಎಳೆದು ಹಿಡಿಯಬೇಕು, ಎಳೆದು ಹಿಡಿದ ಚುಕ್ಕಾಣಿ ನೀರಿನಲ್ಲಿ ಬ್ರೇಕಾಗುತ್ತದೆ. ಗಾಳಿ ಬಂದಾಗ ತೂರಿಕೊಳ್ಳಬೇಕು ಎನ್ನುತ್ತಾರೆ ಸರಿ, ಬಿರುಗಾಳಿಗೆ ಮೊರ ಹಿಡಿದರೆ ಕಾಳೂ ಹೋಗುತ್ತದೆ.

ಒಂದು ಶನಿವಾರದ ಕತೆ ಹೇಳುತ್ತೇನೆ. ನಗರದ ಕಡೆಯ ದಡಕ್ಕೆ ಅಲ್ಲಿ ಸಿಟಿ ಫ್ರಂಟ್ ಎನ್ನುತ್ತಾರೆ. ಉಬ್ಬರದ ನೀರು ಗೋಲ್ಡನ್ ಗೇಟಿನಿಂದ ಒಳಗೆ ನುಗ್ಗುತ್ತಿರುವಾಗ ಅದಕ್ಕೆದುರಾಗಿ ಪಶ್ಚಿಮಕ್ಕೆ ಹೋಗಬೇಕಾದ ದೋಣಿಗಳೆಲ್ಲ ದಡಕ್ಕೆ ಅಂಟಿಕೊಳ್ಳುತ್ತವೆ. ಅಂಚಿನಲ್ಲಿ ಸೆಳೆತ ಕಡಿಮೆ. ಹಾಯಿದೋಣಿ ಗಾಳಿಗೆದುರು ನೇರ ಹೋಗಲಾರದು, ಓರೆಯಾಗಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಮಗ್ಗುಲು ಬದಲಿಸುತ್ತ ಏರಬೇಕು. ದಡದ ಕಲ್ಲು ಹತ್ತಿರ ಬಂತೆಂದರೆ ಹೊರಕ್ಕೆ ತಿರುಗು, ಸೆಳೆತ ಸಿಕ್ಕಿತೆಂದರೆ ಒಳಕ್ಕೆ ತಿರುಗು. ಅಂದು ಮುಕ್ಕಾಲು ಗಂಟೆಯಲ್ಲಿ ಹದಿನೆಂಟು ಸಲ ತಿರುಗಿದೆವು. ಪ್ರತಿ ಸಲವೂ ಆ ಜೆನೋವಾ ಕೂವೆಮರವನ್ನೂ ಅದರ ಪಕ್ಕದ ತಂತಿಗಳನ್ನೂ ಸುತ್ತಿಕೊಂಡು ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಬರಬೇಕು. ಮದುವೆಯ ಚಪ್ಪರವನ್ನು ಬಾಗಿಲ ಕಿಂಡಿಯಲ್ಲಿ ತೂರಿಸಿದಂತೆ. ಹಗ್ಗವನ್ನು ಕೈಗೆ ಕೈ ಸೇರಿಸಿ ಎಳೆಯುತ್ತೇನೆ, ವಿಂಚಿಗೆ ಮೂರು ಸುತ್ತು, ಹಿಡಿಕೆ ಚುಚ್ಚಿ ತಿರುಗಿಸು. ಕೊನೆಯ ಎರಡು ಅಡಿ ಬರುವಷ್ಟರಲ್ಲಿ ಗಾಳಿ ತುಂಬಿಬಿಟ್ಟರೆ ಮುಗಿಯಿತು, ಎಮ್ಮೆಯನ್ನು ಬಾವಿಯಿಂದ ಎತ್ತಿದ ಹಾಗೆ. ಹದಿಮೂರನೆಯ ಸಲ ಹಾಯಿಯ ಮೂಲೆ ಪಕ್ಕದ ತಂತಿಯ ಬುಡಕ್ಕೆ ಸಿಕ್ಕಿಕೊಂಡಿತು. ನಾನು ತೆವಳಿ ಹೋಗಿ ಬಿಡಿಸುವಷ್ಟರಲ್ಲಿ ದೋಣಿ ನಿಂತೇ ಹೋಗಿತ್ತು. ಒಮ್ಮೆ ಕೈಗಡಿಯಾರ ಹಿಡಿದು ಎಣಿಸಿದ್ದೆ: ಜೆನೋವಾ ತಿರುಗಿ ಬಿಗಿಯಾಗಲು 14 ಸೆಕೆಂಡು, ನೂರಹತ್ತಕ್ಕೆ 6. ಸಲಕ್ಕೆ ಎಂಟು ಸೆಕೆಂಡು, ಹದಿನೆಂಟು ಸಲ. ಅಷ್ಟು ಹೊತ್ತು ದೋಣಿ ಅರ್ಧ ವೇಗದಲ್ಲಿತ್ತು ಎಂದರೂ ನಷ್ಟ ಒಂದು ನಿಮಿಷದ ಮೇಲೆ.

ಅದೇ ದಿನ ಇನ್ನೊಂದಾಯಿತು. ಡೆಕ್ಕಿಗೆ ತಾಗುವಷ್ಟು ಕೆಳಗಿಳಿದ ಜೆನೋವಾದ ಹಿಂದೆ ಏನಿದೆ ಎಂದು ಚುಕ್ಕಾಣಿಯವರಿಗೆ ಕಾಣುವುದಿಲ್ಲ. ಬಲಮಗ್ಗುಲಿನಿಂದ ಗಾಳಿ ಪಡೆಯುತ್ತಿರುವ ದೋಣಿಗೆ ಎಡಮಗ್ಗುಲಿನವರು ದಾರಿ ಬಿಡಬೇಕು, ಅದು ನೀರಿನ ಮೇಲಿನ ಕಾನೂನು. ನಾವು ಎಡದವರು. ಹಾಯಿಯ ಅಡಿಯಿಂದ ಇಣುಕಿ ನೋಡುವ ಕೆಲಸ ನನ್ನದೇ. ವಿಂಚಿನ ಮೇಲೆ ಬಗ್ಗಿದ್ದವನು ತಲೆ ಎತ್ತಿದಾಗ ಎದುರಿನ ದೋಣಿಯ ಮೂತಿ ಒಂದು ಬಸ್ಸಿನಷ್ಟು ದೂರದಲ್ಲಿತ್ತು. ಟೀಚರ್ ಚುಕ್ಕಾಣಿ ಎಳೆದರು, ಬೈಗುಳ ಎರಡೂ ಕಡೆಯಿಂದ ಹಾರಿತು, ಯಾರಿಗೂ ಏನೂ ಆಗಲಿಲ್ಲ. ಆ ಸಂಜೆ ಕ್ಲಬ್ಬಿನಲ್ಲಿ ನಾನು ನೂರಹತ್ತರ ಪರವಾಗಿ ದೊಡ್ಡ ಭಾಷಣವನ್ನೇ ಮಾಡಿದೆ. ಇಂದಿನದಕ್ಕಿಂತ ಉದ್ದ.

ಟೀಚರ್ ಕೇಳಿ ಮುಗಿಸಿ, ಕಾಗದದ ನ್ಯಾಪ್ಕಿನ್ನಿನ ಮೇಲೆ ಲೆಕ್ಕ ಹಾಕಿ ನನ್ನ ಮುಂದೆ ಸರಿಸಿದರು. ಆ ಲೆಕ್ಕ ಇವತ್ತಿಗೂ ಬಾಯಿಪಾಠ. ಮೇನ್ ಹಾಯಿ ಸುಮಾರು 200 ಚದರ ಅಡಿ. ಜೆನೋವಾ 365. ಒಟ್ಟು 565. ಜೆನೋವಾದ ಜಾಗದಲ್ಲಿ ನೂರಹತ್ತು ಹಾಕಿದರೆ ಅದು 260, ಒಟ್ಟು 460. ಐದರಲ್ಲಿ ಒಂದು ಪಾಲು ಬಟ್ಟೆ ಹೋಯಿತು. ಗಾಳಿ ಸಣ್ಣದಿರುವಾಗ ದೋಣಿಗೆ ನೀರಿನ ಎಳೆತ ಹೆಚ್ಚುಕಡಿಮೆ ವೇಗದ ವರ್ಗದ ಹಾಗೆ ಏರುತ್ತದೆ. ಹಾಗಾದರೆ ಬಟ್ಟೆ ಐದನೆಯ ಒಂದು ಪಾಲು ಹೋದರೆ ವೇಗ ಹತ್ತನೆಯ ಒಂದು ಪಾಲು ಹೋಗುತ್ತದೆ. 4 ನಾಟ್ ವೇಗದಲ್ಲಿ ಒಂದು ಮೈಲಿಗೆ 900 ಸೆಕೆಂಡು ಬೇಕು. ಹತ್ತನೆಯ ಒಂದು ಪಾಲು ನಿಧಾನವಾದರೆ ಮೈಲಿಗೆ ಇನ್ನೂ ನೂರು ಸೆಕೆಂಡು. "ಇದು ಒರಟು ಲೆಕ್ಕ. ಅರ್ಧ ಮಾಡಿ, ಐವತ್ತು ಅನ್ನಿ" ಎಂದರು ಟೀಚರ್. "ಎಂಟು ಮೈಲಿಯ ರೇಸಿನಲ್ಲಿ ನಾಲ್ಕು ಮೈಲಿ ಗಾಳಿಗೆದುರು. ಇನ್ನೂರು ಸೆಕೆಂಡು ಕಳೆದುಕೊಳ್ಳುತ್ತೇವೆ. ಸಮಿತಿ ನಮಗೆ ಕೊಡುವುದು ಎಂಟಾರಲ ನಲವತ್ತೆಂಟು." ಕನ್ನಡದಲ್ಲಿ ಎಂಟಾರಲ ಎಂದು ಅವರೇನೂ ಹೇಳಲಿಲ್ಲ, ಆದರೆ ಹೇಳಿದ ಧಾಟಿ ನಮ್ಮ ಮಗ್ಗಿಯ ಮೇಷ್ಟ್ರದ್ದೇ.

ನಾನು ಸುಮ್ಮನಾದೆ. ಯಾಕೆಂದರೆ ಅವರ ಮಾತು ಸರಿ, ನನ್ನದೂ ಸರಿ. ಸಣ್ಣ ಗಾಳಿಗೆ ಆ ಆರು ಸೆಕೆಂಡು ಭಿಕ್ಷೆ, ದೊಡ್ಡ ಗಾಳಿಗೆ ಅದೇ ಆರು ಸೆಕೆಂಡು ಬಳುವಳಿ. ದೊಡ್ಡ ಗಾಳಿಯಲ್ಲಿ ಜೆನೋವಾ ಇದ್ದವರೂ ಅದನ್ನು ಮುಂದಿನ ತಂತಿಗೆ ಸುತ್ತಿ ಚಿಕ್ಕದು ಮಾಡಿಕೊಂಡೇ ಓಡಬೇಕು, ಕಂದಾಯವನ್ನು ಮಾತ್ರ ಪೂರ್ತಿ ಕಟ್ಟಬೇಕು. ಅಂಗಡಿಯ ದರ ಒಂದೇ, ಸಾಮಾನಿನ ಬೆಲೆ ಮಾತ್ರ ಗಾಳಿಯ ಜೊತೆ ಬದಲಾಗುತ್ತದೆ. ಹಾಗಾಗಿ ಹಾಯಿ ಯಾವುದು ಒಳ್ಳೆಯದು ಎಂದು ಕೇಳಿ ಪ್ರಯೋಜನವಿಲ್ಲ. ನಮ್ಮ ರೇಸುಗಳ ದಿನ, ನಮ್ಮ ಗೆರೆಯ ಹತ್ತಿರ, ಗಾಳಿ ಎಷ್ಟಿರುತ್ತದೆ ಎಂಬುದನ್ನು ಕೇಳಬೇಕು.

ಅದಕ್ಕೆ ಉತ್ತರ ಟೀಚರ ಬಳಿಯೇ ಇತ್ತು. ಅವರಿಗೆ ಪ್ರತಿ ರೇಸಿನ ಆರಂಭದಲ್ಲಿ ಗಾಳಿಯ ವೇಗ ಬರೆದಿಡುವ ಚಟ. ನೀರಿಗೆ ಉಬ್ಬಿದ ಒಂದು ನೀಲಿ ನೋಟ್‌ಬುಕ್. ಮುಂದಿನ ವಾರ ಅದನ್ನು ತಂದರು. ಮೂರು ಬೇಸಿಗೆ, 41 ರೇಸು. ಎಂಟು ನಾಟಿಗಿಂತ ಕಡಿಮೆ ಇದ್ದದ್ದು ನಾಲ್ಕು ಸಲ. ಎಂಟರಿಂದ ಹದಿನಾಲ್ಕು, ಒಂಬತ್ತು ಸಲ. ಹದಿನಾಲ್ಕರ ಮೇಲೆ 28. ಜೆನೋವಾದ ಭಕ್ತೆ ಆ ಪುಟವನ್ನು ಒಂದು ನಿಮಿಷ ನೋಡುತ್ತ ಕೂತರು. ಪಾಠ ಹೇಳಿದವರಿಗೆ ತಮ್ಮ ತಪ್ಪು ತಾವೇ ತಿದ್ದಿಕೊಳ್ಳುವ ಒಂದು ರೀತಿ ಇರುತ್ತದೆ, ಯಾರ ಮುಖವನ್ನೂ ನೋಡದೆ. ಅರ್ಜಿಯಲ್ಲಿ 155 ಹೊಡೆದುಹಾಕಿ 110 ಬರೆದರು.

ಇದೇ ನೋಟ್‌ಬುಕ್ಕನ್ನು ಅಮೆರಿಕದ ಪೂರ್ವ ಕರಾವಳಿಯಲ್ಲಿ, ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡ್ ಸೌಂಡಿನಲ್ಲಿ ಬರೆದಿದ್ದರೆ ಪುಟ ತಲೆಕೆಳಗಾಗುತ್ತಿತ್ತು. ಅಲ್ಲಿ ಬೇಸಿಗೆಯ ಗಾಳಿ ಮೆಲ್ಲನೆಯದು. ಐದೋ ಹತ್ತೋ ನಾಟಿನಲ್ಲಿ ಗಂಟೆಗಟ್ಟಲೆ ತೇಲುವ ರೇಸುಗಳೇ ಹೆಚ್ಚು. ಅಲ್ಲಿನವರು 155 ಬಿಟ್ಟರೆ ಬಿಟ್ಟವರು ಕೆಟ್ಟರು. ಅಷ್ಟು ದೂರ ಯಾಕೆ, ನಮ್ಮದೇ ಕೊಲ್ಲಿಯಲ್ಲಿ ನವೆಂಬರ್ ಕಳೆದರೆ ಒಳನಾಡು ಕಾಯುವುದು ನಿಲ್ಲುತ್ತದೆ, ಆ ಸಮುದ್ರದ ಗಾಳಿಯೂ ನಿಲ್ಲುತ್ತದೆ. ಮಳೆಯ ಹೊಡೆತಗಳ ನಡುವೆ ನೀರು ಕನ್ನಡಿ. ಬರ್ಕ್ಲಿಯ ಕ್ಲಬ್ಬಿನವರು ನಡೆಸುವ ಚಳಿಗಾಲದ ಸರಣಿಯಲ್ಲಿ ನಾವೊಮ್ಮೆ ನೂರಹತ್ತು ಕಟ್ಟಿಕೊಂಡು ಹೋಗಿ, ಸಿಗರೇಟಿನ ಹೊಗೆ ನೇರ ಮೇಲಕ್ಕೆ ಹೋಗುವುದನ್ನು ನೋಡುತ್ತ ಎರಡು ಗಂಟೆ ಕೂತು ಬಂದಿದ್ದೇವೆ. ಕೊನೆಯವರು ನಾವೇ. ಲೆಕ್ಕ ಹಾಕಿದ ಮೇಲೂ ಕೊನೆಯವರೇ.

ಇಲ್ಲಿ ಒಂದು ಒಳಸುಳಿ ಇದೆ, ಗಡಿಯಾರದ್ದು. ಕೆಲವು ಕ್ಲಬ್ಬುಗಳು ದೂರಕ್ಕೆ ಲೆಕ್ಕ ಹಾಕುವುದಿಲ್ಲ, ಹೊತ್ತಿಗೆ ಹಾಕುತ್ತವೆ. 650ನ್ನು, 550ಕ್ಕೆ ದೋಣಿಯ ಅಂಕಿ ಕೂಡಿಸಿದ ಮೊತ್ತದಿಂದ ಭಾಗಿಸಿ, ಬಂದದ್ದರಿಂದ ನಿಮ್ಮ ಸಮಯವನ್ನು ಗುಣಿಸುತ್ತಾರೆ. ನಮ್ಮ 180ಕ್ಕೆ 0.890, ರಿಯಾಯಿತಿ ಸೇರಿದ 186ಕ್ಕೆ 0.883. ಆರು ಸೆಕೆಂಡಿನ ರಿಯಾಯಿತಿ ಗಂಟೆಗೆ ಸುಮಾರು 26 ಸೆಕೆಂಡಾಗುತ್ತದೆ. ಎಂಟು ಮೈಲಿಯನ್ನು ಮೂರು ಗಂಟೆ ತೆವಳಿದರೆ 78 ಸೆಕೆಂಡು ಸಿಗುತ್ತದೆ, ದೂರದ ಲೆಕ್ಕದ 48 ಅಲ್ಲ. ಸಣ್ಣ ಹಾಯಿಯವರಿಗೆ ನಿಧಾನದ ದಿನದಲ್ಲಿ ಸ್ವಲ್ಪ ಸಮಾಧಾನ. ಗೆಲ್ಲುವಷ್ಟಲ್ಲ. ಆದರೂ ಹಾಯಿ ಹೊಲಿಸುವ ಮೊದಲು ನಿಮ್ಮ ಕ್ಲಬ್ಬು ಯಾವ ಲೆಕ್ಕದ್ದು ಎಂದು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಗಾಳಿಯ ಜೊತೆಗೆ ಓಡುವ ಮಾತು ಬೇರೆ. ಬಲೂನಿನಂಥ ಸ್ಪಿನ್ನೇಕರ್ ಹಾಯಿ ಇದ್ದವರಿಗೆ ಆಗ ಮುಂಹಾಯಿಯ ಅಳತೆ ಲೆಕ್ಕಕ್ಕೇ ಬರುವುದಿಲ್ಲ. ಅದು ಇಲ್ಲದವರ ವರ್ಗವೊಂದಿದೆ, ಬರೀ ಬಿಳಿ ಹಾಯಿಗಳದ್ದು. ಅವರು ಮುಂಹಾಯಿಯನ್ನೇ ಕೋಲಿನಿಂದ ಹೊರಕ್ಕೆ ಚಾಚಿ ಓಡಬೇಕು. ಅವರಿಗೆ ದೊಡ್ಡ ಜೆನೋವಾ ನಿಜವಾಗಿಯೂ ಬೇಕಾಗುತ್ತದೆ. ನನ್ನ ಭಾಷಣ ಕೇಳಿ ಅವರು ನೂರಹತ್ತು ಹೊಲಿಸಿ ಆಮೇಲೆ ನನ್ನನ್ನು ಬೈಯಬಾರದು.

ನಡುವಿನ ದಾರಿ ಇಲ್ಲವೇ ಎಂದು ಕೇಳುವವರಿರುತ್ತಾರೆ. ಇದೆ, 135 ಎಂಬ ಅಳತೆ. ಶನಿವಾರ ರೇಸು, ಭಾನುವಾರ ಹೆಂಡತಿ ಮಕ್ಕಳ ಜೊತೆ ಸುತ್ತಾಟ, ಹಾಯಿ ಒಂದೇ ಎನ್ನುವ ಮನೆಗೆ ಅದೇ ಸರಿ. ರೇಸೇ ಮುಖ್ಯ ಎನ್ನುವವರಿಗೆ ಅದು ಎರಡು ದೋಣಿಯ ಮೇಲೆ ಕಾಲಿಟ್ಟಂತೆ. ಸಣ್ಣ ಗಾಳಿಗೆ ಸಾಲದು, ದೊಡ್ಡ ಗಾಳಿಗೆ ಸುತ್ತಲೇಬೇಕು. ಸುತ್ತಿದ ಹಾಯಿಯ ಹೊಟ್ಟೆ ಹಿಂದಕ್ಕೆ ಜಾರಿ ಅದರ ಆಕಾರವೇ ಕೆಡುತ್ತದೆ. ಗಾಳಿಗೆ ಬೇಕಾದದ್ದು ಬಟ್ಟೆಯಲ್ಲ, ಆಕಾರ. ಒಳ್ಳೆಯ ನೂರಹತ್ತು ಎತ್ತರವಾಗಿ ತೆಳ್ಳಗೆ ಕೂವೆಮರಕ್ಕೆ ಹತ್ತಿರ ನಿಲ್ಲುತ್ತದೆ. ಅದರ ಹಗ್ಗವನ್ನು ಪಕ್ಕದ ತಂತಿಗಳ ಒಳಗಿನಿಂದಲೇ ಬಿಗಿಯಬಹುದು. ದೋಣಿ ಗಾಳಿಗೆ ಇನ್ನಷ್ಟು ಹತ್ತಿರ ಮೂತಿ ತಿರುಗಿಸಿ ಏರುತ್ತದೆ. ಹೊಸ ರೇಸ್ ದೋಣಿಗಳನ್ನು ರಚಿಸುವವರು ಈಗೀಗ ಜೆನೋವಾವನ್ನೇ ಕೈಬಿಟ್ಟು, ಮೇನ್ ದೊಡ್ಡದು ಮಾಡಿ, ಮುಂಹಾಯಿಯನ್ನು 105, 108ರಲ್ಲೇ ನಿಲ್ಲಿಸುತ್ತಿದ್ದಾರೆ. ನಮ್ಮಂಥ ಹಳೆಯ ದೋಣಿಗೆ ಆ ಅನುಕೂಲವಿಲ್ಲ. ಅದರ ಮೇನ್ ಚಿಕ್ಕದು, ಅದು ಜೆನೋವಾ ನಂಬಿ ಹುಟ್ಟಿದ್ದು.

ಅಜ್ಜಯ್ಯನ ಮಂಜಿಯಲ್ಲೂ ಗಾಳಿ ಬಲವಾದರೆ ದೊಡ್ಡ ಹಾಯಿ ಇಳಿಸಿ ಸಣ್ಣದನ್ನು ಕಟ್ಟುತ್ತಿದ್ದರಂತೆ. ನಡುಸಮುದ್ರದಲ್ಲಿ, ಹತ್ತು ಹನ್ನೆರಡು ಜನ ಸೇರಿ. ಅವರಿಗೆ ಯಾರೂ ರಿಯಾಯಿತಿ ಕೊಡುತ್ತಿರಲಿಲ್ಲ. ಇನ್ನು ಮುಂಗಾರಿನ ಗಾಳಿಗಾದರೋ ಅವರ ಲೆಕ್ಕ ಇನ್ನೂ ಸರಳ. ಮಂಜಿಯನ್ನು ದಡಕ್ಕೆಳೆದು ತಟ್ಟಿ ಕಟ್ಟಿ ಮನೆಗೆ ಹೋಗುವುದು. ನೂಲ ಹುಣ್ಣಿಮೆ ಕಳೆಯದೆ ಕಡಲಿಗಿಳಿಯುವ ಮಾತಿಲ್ಲ.

ಅಳತೆಯ ಬಗ್ಗೆ ಒಂದು ಎಚ್ಚರಿಕೆ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ಕೈ ಸುಟ್ಟುಕೊಂಡವನು ನಾನೇ. ಜಗಳದ ಮೊದಲ ವರ್ಷ, ಟೀಚರ ಹಳೆಯ ಜೆನೋವಾ ಸೋತುಹೋಗಿದೆ ಎಂದು ನಾನೇ ಮುಂದೆ ಬಿದ್ದು ಒಬ್ಬರಿಂದ ಸೆಕೆಂಡ್‌ಹ್ಯಾಂಡ್ ಹಾಯಿ ಕೊಡಿಸಿದೆ. "ಒನ್ ಫಿಫ್ಟಿ ಫೈವ್, ಗ್ಯಾರಂಟಿ" ಎಂದಿದ್ದರು. ಕ್ಲಬ್ಬಿನ ಹಾಲಿನಲ್ಲಿ ಕುರ್ಚಿ ಸರಿಸಿ ಅದನ್ನು ಹಾಸಿದೆವು. ಟೀಚರ್ ಮಂಡಿಯೂರಿ ಮುಂದಿನ ಅಂಚನ್ನು ನೆಲಕ್ಕೆ ಎಳೆದು ಹಿಡಿದರು, ನಾನು ಹಿಂದಿನ ಮೂಲೆಗೆ ಟೇಪಿನ ತುದಿ ಇಟ್ಟು ಅಂಚಿನ ಮೇಲೆ ಲಂಬ ಹುಡುಕಿದೆ. ಅತಿ ಕಡಿಮೆ ಬರುವ ಜಾಗವೇ ಲಂಬ. 17 ಅಡಿ 10 ಅಂಗುಲ ಬರಬೇಕಾದಲ್ಲಿ 18 ಅಡಿ 1 ಅಂಗುಲ ಬಂತು. ಇನ್ನೊಮ್ಮೆ ಅಳೆದೆವು. ಅಷ್ಟೇ. ಶೇಕಡಾ 157. ಮೂರು ಅಂಗುಲಕ್ಕೆ ವರ್ಷವಿಡೀ ಮೈಲಿಗೆ ಮೂರು ಸೆಕೆಂಡು ದಂಡ, ಕತ್ತರಿಸಿ ಹೊಲಿಸಲು ಹೋದರೆ ಹಾಯಿಯ ಬೆಲೆಗಿಂತ ಕೂಲಿ ಹೆಚ್ಚು. ಹಾಯಿ ಕೊಳ್ಳುವವರು ದಯವಿಟ್ಟು ಮಾರುವವರ ಬಾಯಿಮಾತು ನಂಬದೆ ಟೇಪು ಕೈಯಲ್ಲಿ ಹಿಡಿದೇ ಹೋಗಿ.

ನೂರಹತ್ತು ಬರೆದುಕೊಟ್ಟ ಆ ಬೇಸಿಗೆಯಲ್ಲಿ ನಮ್ಮ ವರ್ಗದ ಹನ್ನೊಂದು ದೋಣಿಗಳಲ್ಲಿ ನಾವು ಮೂರನೆಯವರಾದೆವು. ಹಿಂದಿನ ವರ್ಷ ಎಂಟನೆಯವರು. ನಾನು ಕೆಲಸ ಬಿಟ್ಟು ಊರಿಗೆ ಹೊರಟಾಗ ಆ 157ರ ಹಾಯಿಯನ್ನು ಟೀಚರ್ ನನಗೇ ಕಟ್ಟಿಕೊಟ್ಟರು. ಈಗ ಅದು ನಮ್ಮ ಹಿತ್ತಲಿನ ಸೌದೆಯ ರಾಶಿಯ ಮೇಲಿದೆ. 370 ಚದರ ಅಡಿ ಬಟ್ಟೆ, ಮೂರು ಮಳೆಗಾಲ ಕಳೆದರೂ ಒಂದು ಹನಿ ಒಳಗಿಳಿದಿಲ್ಲ. ಕುಂದಾಪುರದ ಮಳೆಗೆ ದೊಡ್ಡದೇ ಬೇಕು.